ದೂರದೇಶದ ನಾಯಿಮರಿ ಮತ್ತು ನಮ್ಮ ಕರುಣೆ



ನಮ್ಮ ಧರ್ಮಕೇಂದ್ರದ ಸಹೋದರಿಯೊಬ್ಬರು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾರೆ. ಪತಿ ಮತ್ತು ಹತ್ತು ವರ್ಷದ ಮಗಳೊಂದಿಗೆ ಅಲ್ಲಿಯೇ ನೆಲೆಸಿದ್ದಾರೆ. ಕೆಲವು ತಿಂಗಳ ಹಿಂದೆ ಅವರು ನನಗೆ ಹೀಗೆ ಬರೆದರು: "ಫಾದರ್, ರೊಮೇನಿಯಾದ ಬೀದಿಯಲ್ಲಿ ಸಿಕ್ಕಿದ ನಾಯಿಮರಿಯೊಂದರ ಫೋಟೋ ನೋಡಿ, ಅದನ್ನು ತರಿಸಿಕೊಳ್ಳೋಣವೆಂದು ಮಗಳು ಹಟ ಹಿಡಿದಿದ್ದಾಳೆ. ನಾವು ತರದಿದ್ದರೆ ಅದನ್ನು ಕೊಂದುಬಿಡುತ್ತಾರೆ ಎಂದು ಅಳುತ್ತಾಳೆ. ಊರಿನಲ್ಲಿರುವ ಅಮ್ಮನ ಔಷಧಿಗೆ ಹಣ ಕಳುಹಿಸಬೇಕಾದಾಗ ನಾಯಿಗೆ ಖರ್ಚು ಮಾಡುವುದು ಪಾಪವಲ್ಲವೇ ಎಂದು ನಮ್ಮ ಮನೆಯವರು ಕೇಳುತ್ತಾರೆ. ಯಾರ ಮಾತು ಸರಿ?"

ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದುದರಿಂದಲೇ ಈ ಪ್ರಶ್ನೆ ನಮ್ಮೆಲ್ಲ ಕುಟುಂಬಗಳ ಚಿಂತನೆಗೆ ಯೋಗ್ಯವಾಗಿದೆ.

ಮಗಳ ಕಣ್ಣೀರು ಸುಳ್ಳಲ್ಲ. 1980ರ ದಶಕದಲ್ಲಿ ಚೌಶೆಸ್ಕುವಿನ ಆಡಳಿತವು ಬುಕಾರೆಸ್ಟ್ ನಗರದ ಹಳೆಯ ಮನೆಗಳನ್ನು ಕೆಡವಿ ಜನರನ್ನು ಫ್ಲಾಟುಗಳಿಗೆ ಸಾಗಿಸಿದಾಗ, ಅಂಗಳದಲ್ಲಿ ಸಾಕಿದ್ದ ಅನೇಕ ನಾಯಿಗಳು ಬೀದಿಪಾಲಾದವು. ಅವುಗಳ ಸಂತತಿ ಬೆಳೆಯಿತು. 2013ರಲ್ಲಿ ಅದೇ ನಗರದಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ನಾಯಿಗಳ ದಾಳಿಗೆ ಬಲಿಯಾದ. ಆ ಬಳಿಕ, ಹಿಡಿದ ನಾಯಿಯನ್ನು ನಿಗದಿತ ದಿನಗಳೊಳಗೆ ಯಾರೂ ಒಯ್ಯದಿದ್ದರೆ ಕೊಲ್ಲಲು ಕಾನೂನು ಅವಕಾಶ ಕೊಟ್ಟಿತು. ಇಂತಹ ನಾಯಿಗಳನ್ನು ಉಳಿಸಿ ಬ್ರಿಟನ್ನಿನ ಮನೆಗಳಿಗೆ ತಲುಪಿಸುವ ಸಂಘಗಳು ಅನೇಕ ಇವೆ.

ಧರ್ಮಸಭೆ ಏನು ಬೋಧಿಸುತ್ತದೆ? 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಎರಡು ಮಾತುಗಳನ್ನು ಜೊತೆಯಾಗಿ ಹೇಳುತ್ತದೆ (2415–2418). ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ನಾವು ದಯೆ ತೋರಲೇಬೇಕು, ವಿನಾಕಾರಣ ಹಿಂಸಿಸಬಾರದು. ಅದೇ ಸಮಯದಲ್ಲಿ, ಕಷ್ಟದಲ್ಲಿರುವ ಮನುಷ್ಯರಿಗೆ ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯಬಾರದು, ಮನುಷ್ಯರಿಗೆ ಮಾತ್ರ ಸಲ್ಲುವ ಪ್ರೀತಿಯನ್ನು ಅವುಗಳಿಗೆ ಕೊಡಬಾರದು. ಮಗಳು ಮೊದಲ ಮಾತನ್ನು ಹಿಡಿದಿದ್ದಾಳೆ, ತಂದೆ ಎರಡನೆಯದನ್ನು. ಇವೆರಡನ್ನೂ ಕೂಡಿಸುವ ಸದ್ಗುಣವೇ ವಿವೇಕ. ಕರುಣೆ ಬುದ್ಧಿಯ ಮಾರ್ಗದರ್ಶನದಲ್ಲಿ ನಡೆದಾಗ ಮಾತ್ರ ಸದ್ಗುಣವಾಗುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದಾರೆ. ಫೋಟೋ ನೋಡಿ ಮನ ಕರಗುವುದು ಕರುಣೆಯ ಆರಂಭ ಮಾತ್ರ. ಕರುಣೆಯ ಪೂರ್ಣತೆ ನಿಷ್ಠೆಯಲ್ಲಿದೆ.

ಹಾಗಾದರೆ ಇಲ್ಲಿ ವಿವೇಕ ಏನನ್ನು ಕೇಳುತ್ತದೆ?

ಮೊದಲನೆಯದಾಗಿ, ಆರೋಗ್ಯ. ಬ್ರಿಟನ್ನಿಗೆ ಬರುವ ಮರಿಗೆ ಮೈಕ್ರೋಚಿಪ್ ಹಾಕಿಸಿರಬೇಕು. 12 ವಾರ ತುಂಬಿದ ಮೇಲೆ ರೇಬೀಸ್ ಲಸಿಕೆ ಕೊಡಿಸಿ 21 ದಿನ ಕಾಯಬೇಕು. ಅಂದರೆ 15 ವಾರಕ್ಕಿಂತ ಚಿಕ್ಕ ಮರಿಯನ್ನು ತರುವಂತಿಲ್ಲ. ಲಾಡಿಹುಳುವಿನ ಔಷಧಿ ಮತ್ತು ಆರೋಗ್ಯ ಪ್ರಮಾಣಪತ್ರವೂ ಅಗತ್ಯ. ಇಷ್ಟಾದರೂ ಬ್ರುಸೆಲ್ಲಾ ಕೇನಿಸ್ ಎಂಬ ಸೋಂಕು ಉಳಿದಿರಬಹುದು. ಇದನ್ನು ಪೂರ್ತಿ ಗುಣಪಡಿಸುವ ಖಚಿತ ಚಿಕಿತ್ಸೆ ಇಲ್ಲ, ಅಪರೂಪಕ್ಕೆ ಮನುಷ್ಯರಿಗೂ ತಗಲುತ್ತದೆ. ಪ್ರಯಾಣಕ್ಕೆ ಮೊದಲೇ ಇದರ ರಕ್ತಪರೀಕ್ಷೆ ಮಾಡಿಸಬೇಕು.

ಎರಡನೆಯದಾಗಿ, ಮರಿಯ ಸ್ವಭಾವ. ಬೀದಿಯಲ್ಲಿ ಅಥವಾ ದೊಡ್ಡಿಯಲ್ಲಿ ಬೆಳೆದ ಮರಿಗೆ ಮನೆಯೆಂದರೇನೆಂದೇ ಗೊತ್ತಿರುವುದಿಲ್ಲ. ಮೂಲೆಯಲ್ಲಿ ಅಡಗಬಹುದು, ಬಾಗಿಲು ತೆರೆದರೆ ಓಡಿಹೋಗಬಹುದು. ತಿಂಗಳುಗಟ್ಟಲೆ ತಾಳ್ಮೆ ಬೇಕು. ಮೊದಲೇ ಮನೆಗೆ ಬಂದು ನೋಡುವ, ಹೊಂದಿಕೆಯಾಗದಿದ್ದರೆ ನಾಯಿಯನ್ನು ಮರಳಿ ಸ್ವೀಕರಿಸುವ ಸಂಘವನ್ನೇ ಆರಿಸಬೇಕು.

ಮೂರನೆಯದಾಗಿ, ಕಾಲ. ನಾಯಿ ಹತ್ತರಿಂದ ಹದಿನೈದು ವರ್ಷ ಬಾಳುತ್ತದೆ. ಹತ್ತು ವರ್ಷದ ಹುಡುಗಿ ಕಾಲೇಜಿಗೆ ಹೋದ ಮೇಲೂ ಅದಕ್ಕೆ ಊಟ ಹಾಕುವವರು ಯಾರು?

ಸಂತ ಫಿಲಿಪ್ ನೇರಿಯವರು 1583ರಲ್ಲಿ ತಮ್ಮ ಹಳೆಯ ವಾಸಸ್ಥಳವನ್ನು ಬಿಟ್ಟು ರೋಮಿನ ಇನ್ನೊಂದು ದೇವಾಲಯಕ್ಕೆ ಹೋದಾಗ ಅವರ ಬೆಕ್ಕು ಹಳೆಯ ಮನೆಯಲ್ಲೇ ಉಳಿಯಿತು. ಅವರು ಅದನ್ನು ಮರೆಯಲಿಲ್ಲ, ಶಿಷ್ಯರನ್ನು ಕಳುಹಿಸಿ ಅದಕ್ಕೆ ಆಹಾರ ಕೊಡಿಸುತ್ತಿದ್ದರು. ಒಮ್ಮೆ ಹೊಣೆ ಹೊತ್ತವರು ಅದನ್ನು ಕೈಬಿಡುವುದಿಲ್ಲ ಎಂಬುದನ್ನು ಶಿಷ್ಯರು ಹೀಗೆ ಕಲಿತರು.

ಇಷ್ಟನ್ನು ಬರೆದು, "ಮೂವರೂ ಒಟ್ಟಿಗೆ ಕುಳಿತು ಪ್ರಾರ್ಥಿಸಿ ನಿರ್ಧರಿಸಿ" ಎಂದೆ. ಅವರು ಅಡುಗೆಮನೆಯ ಮೇಜಿನ ಮೇಲೆ ವಾರದ ಪಾಳಿಗಳನ್ನು ಬರೆದು ನೋಡಿದರಂತೆ. ಇಬ್ಬರಿಗೂ 12 ಗಂಟೆಯ ಪಾಳಿ ಬೀಳುವ ದಿನಗಳು ವಾರಕ್ಕೆ ಎರಡು. ಆ ದಿನಗಳಲ್ಲಿ ಹೆದರಿದ ಮರಿ ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿರಬೇಕು. ಇದನ್ನು ಕಂಡು "ಈಗ ಬೇಡಮ್ಮಾ" ಎಂದವಳು ಮಗಳೇ. ತಂದೆಗೂ ಮನಸ್ಸು ಕರಗಿತು. ರೊಮೇನಿಯಾದಲ್ಲಿ ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಸಂಘಕ್ಕೆ ಮಗಳು ಉಳಿಸಿದ ಹಣಕ್ಕೆ ತಮ್ಮದನ್ನೂ ಸೇರಿಸಿ ಕಳುಹಿಸಿದರು. ಒಂದು ಮರಿಯನ್ನು ಸಾಗಿಸುವುದರಿಂದ ಆ ಮರಿ ಉಳಿಯುತ್ತದೆ. ಬೀದಿಯಲ್ಲಿ ಹುಟ್ಟಿ ನರಳುವ ಮರಿಗಳ ಸಂಖ್ಯೆ ಕಡಿಮೆಯಾಗುವುದು ಶಸ್ತ್ರಚಿಕಿತ್ಸೆಯಿಂದ. ಈಗ ಶನಿವಾರ ಸಂಜೆ ಆ ಹುಡುಗಿ, ನೆರೆಮನೆಯ ಒಂಟಿ ವೃದ್ಧೆಯ ನಾಯಿಯನ್ನು ತಾಯಿಯೊಂದಿಗೆ ತಿರುಗಾಡಿಸುತ್ತಾಳೆ. ಅಜ್ಜಿಯ ಔಷಧಿಯ ಹಣವೂ ತಪ್ಪಿಲ್ಲ.

ಬೇರೊಂದು ಕುಟುಂಬಕ್ಕೆ "ತನ್ನಿ" ಎಂಬುದೇ ಸರಿಯಾದ ಉತ್ತರವಾಗಿರಬಹುದು. ಮನೆಯಲ್ಲಿ ಸದಾ ಯಾರಾದರೂ ಇದ್ದು, ಬಡವರಿಗೆ ಸಲ್ಲಬೇಕಾದುದು ಸಂದಿದ್ದರೆ, ಆ ಮರಿಗೆ ಬಾಗಿಲು ತೆರೆಯುವುದು ಸೃಷ್ಟಿಕರ್ತನಿಗೆ ಮೆಚ್ಚುಗೆಯ ಕಾರ್ಯ. ತೋಬಿತನ ಗ್ರಂಥದಲ್ಲಿ ಯುವಕ ತೋಬಿಯಾಸನು ದೇವದೂತನೊಡನೆ ಹೊರಟಾಗ ನಾಯಿಯೂ ಜೊತೆಗೆ ಹೋಗುತ್ತದೆ, ಮರಳುವಾಗಲೂ ಅವರ ಹಿಂದೆಯೇ ಬರುತ್ತದೆ. ಅಷ್ಟು ದೂರ ನಮ್ಮೊಂದಿಗೆ ಬರುವ ಜೀವಿಗೆ ಕೊನೆಯವರೆಗೂ ಜೊತೆ ಕೊಡಬಲ್ಲೆವೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ.

ಕುಟುಂಬದಲ್ಲಿ ಚರ್ಚಿಸಲು:

1. ಮನ ಕರಗಿ ಆರಂಭಿಸಿ, ಅರ್ಧದಲ್ಲೇ ಬಿಟ್ಟ ಒಳ್ಳೆಯ ಕೆಲಸ ನಮ್ಮ ಮನೆಯಲ್ಲಿ ಯಾವುದಾದರೂ ಇದೆಯೇ?

2. ಮಕ್ಕಳ ಕರುಣೆಯನ್ನು ಗದರಿಸದೆ, ಅದಕ್ಕೆ ಸರಿಯಾದ ದಾರಿ ತೋರಿಸುವುದು ಹೇಗೆ?

3. ನಮ್ಮ ಗೇಟಿನ ಬಳಿ ಮಲಗುವ ಬೀದಿನಾಯಿಗೂ ಅದಕ್ಕೆ ಹೆದರುವ ನೆರೆಯವರಿಗೂ ಒಟ್ಟಿಗೆ ಒಳ್ಳೆಯದಾಗುವಂತೆ ನಾವು ಏನು ಮಾಡಬಹುದು?