ಹಲ್ಲಿನ ಮಾತೂ ಈಗಲೇ ಆಗಲಿ

ಪ್ರಶ್ನೆ: ಮೇಡಂ, ನಮ್ಮದು ಬಾಗಲಕೋಟೆ ಕಡೆಯ ಹಳ್ಳಿ. ನಮ್ಮ ಯಜಮಾನರಿಗೆ 34 ವರ್ಷ. ಎಡದವಡೆ ನೋವಿಲ್ಲದೆಯೇ ಬಾತುಕೊಳ್ಳುತ್ತ ಬಂತು. ಬಯಾಪ್ಸಿಯಲ್ಲಿ ಅಮೆಲೊಬ್ಲಾಸ್ಟೋಮಾ ಎಂದು ಬಂದಿದೆ. ಕ್ಯಾನ್ಸರ್ ಅಲ್ಲವಂತೆ, ಆದರೂ ಆ ಭಾಗದ ದವಡೆ ತೆಗೆದು ಕಾಲಿನ ಎಲುಬು ಕೂಡಿಸಬೇಕಂತೆ. "ಹೊಲದಾಗ ದುಡಿಯೋ ಕಾಲು, ಅದನ್ನ ಕೊಯ್ದರ ಹೆಂಗ?" ಎಂದು ಅತ್ತೆ ಅಳುತ್ತಾರೆ. ಮೈದುನ ಗಡ್ಡೆ ಕೆರೆಸಿದರೆ ಸಾಕು, ಇಲ್ಲವೇ ಬರೀ ಪ್ಲೇಟ್ ಹಾಕಿಸೋಣ ಎನ್ನುತ್ತಾನೆ. ಇವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಸುಮ್ಮನೆ ಕೂತಿರುತ್ತಾರೆ. ಮತ್ತೆ ರೊಟ್ಟಿ ಅಗಿದು ತಿನ್ನುತ್ತಾರೆಯೇ?

ಉತ್ತರ: ತಂಗಿ, ರೊಟ್ಟಿಯ ಮಾತನ್ನು ನೀವು ಕೊನೆಗೆ ಕೇಳಿದ್ದೀರಿ. ಡಾಕ್ಟರ ಮುಂದೆ ಅದನ್ನೇ ಮೊದಲು ಕೇಳಿ. ಕೂಡಿಸಿದ ಎಲುಬು ಮುಖದ ಆಕಾರ ಉಳಿಸುತ್ತದೆ. ಅಗಿಯಬೇಕಾದರೆ ಅದರ ಮೇಲೆ ಹಲ್ಲು ನಿಲ್ಲಬೇಕು. ಆಪರೇಷನ್ ಆದೊಡನೆ ಎಲ್ಲ ಮುಗಿಯಿತೆಂದು ಊರು ಸೇರಿ, ವರ್ಷಗಟ್ಟಲೆ ಒಂದೇ ಬದಿಯಲ್ಲಿ ಅಗಿಯುತ್ತ ಉಳಿಯುವವರಿದ್ದಾರೆ. ಮುಂದೆ ಹಲ್ಲು ಎಲ್ಲಿ ಬರಬೇಕೋ ಅದಕ್ಕೆ ತಕ್ಕಂತೆ ಎಲುಬು ಕೂಡಿಸಬೇಕು. ಹಾಗಾಗಿ ಹಲ್ಲು ಕಟ್ಟುವ ಡಾಕ್ಟರು ಆಪರೇಷನ್ನಿಗೆ ಮೊದಲೇ ಸ್ಕ್ಯಾನ್ ನೋಡಿರಲಿ.

ಮೈದುನನಿಗೆ ಹೇಳಿ: ಈ ಗಡ್ಡೆ ಮೈಯ ಬೇರೆ ಕಡೆಗೆ ಹರಡುವುದು ತೀರಾ ಅಪರೂಪ, ಆದರೆ ಕಣ್ಣಿಗೆ ಕಾಣದಂತೆ ಸುತ್ತಲಿನ ಎಲುಬಿನೊಳಗೆ ನುಸುಳಿರುತ್ತದೆ. ಚೀಲದಂಥ ಒಂದು ಬಗೆಗೆ ಕೆಲವೊಮ್ಮೆ ಕೆರೆಯುವುದೇ ಸಾಕಾಗುತ್ತದೆ. ಉಳಿದವು ಕೆರೆದರೆ ಬಹಳ ಸಲ ಮರುಕಳಿಸುತ್ತವೆ. ಅದಕ್ಕೇ ಗಡ್ಡೆಯ ಅಂಚಿನಾಚೆ 1ರಿಂದ 2 ಸೆಂ.ಮೀ. ಒಳ್ಳೆಯ ಎಲುಬನ್ನೂ ತೆಗೆಯುವುದು. ನಿಮ್ಮವರದು ಯಾವ ಬಗೆ ಎಂದು ಕೇಳಿ ತಿಳಿಯಿರಿ. ಬರೀ ಪ್ಲೇಟ್ ನನಗೆ ಒಪ್ಪಿಗೆಯಿಲ್ಲ. ಅದರ ಮೇಲೆ ಹಲ್ಲು ಹಿಡಿದು ನಿಲ್ಲಿಸುವ ಇಂಪ್ಲಾಂಟ್ ಕೂರುವುದಿಲ್ಲ, ವರ್ಷಗಳು ಕಳೆದಂತೆ ಮುರಿಯುವುದೂ ತೊಗಲು ಸೀಳಿ ಹೊರಗೆ ಕಾಣುವುದೂ ಉಂಟು.

ಅತ್ತೆಯವರ ಅಳುವಿಗೆ ಅರ್ಥವಿದೆ. ಅವರದೇ ಕಾಲು ಮುಟ್ಟಿ ತೋರಿಸಿ. ಮೊಣಕಾಲಿನ ಕೆಳಗೆ ಎರಡು ಎಲುಬು. ಮುಂದೆ ಕೈಗೆ ಸಿಗುವ ದಪ್ಪ ಎಲುಬು ಮೈಭಾರದ ಬಹುಪಾಲನ್ನು ಹೊರುತ್ತದೆ. ತೆಗೆಯುವುದು ಹೊರಬದಿಯ ತೆಳು ಎಲುಬಾದ ಫಿಬ್ಯುಲಾವನ್ನು. ಅದರಲ್ಲೂ ಎರಡೂ ತುದಿಯಲ್ಲಿ ಕೀಲಿನ ಹತ್ತಿರ ಸುಮಾರು 6ರಿಂದ 8 ಸೆಂ.ಮೀ. ಬಿಟ್ಟು ನಡುವಿನ ಭಾಗವಷ್ಟೇ. ಅದನ್ನು ರಕ್ತನಾಳದ ಸಮೇತ ತೆಗೆದು, ದವಡೆಯ ಬಾಗಿಗೆ ತಕ್ಕಂತೆ ಕತ್ತರಿಸಿ, ಟೈಟೇನಿಯಂ ಪ್ಲೇಟಿನಿಂದ ಬಿಗಿದು, ಕುತ್ತಿಗೆಯ ನಾಳಕ್ಕೆ ಮೈಕ್ರೋಸ್ಕೋಪಿನಡಿ ಹೊಲಿಯುತ್ತಾರೆ. ರಕ್ತ ಹರಿಯುವುದರಿಂದ ಎಲುಬು ಜೀವಂತ ಉಳಿದು ಬೆಸೆಯುತ್ತದೆ. ಫಿಬ್ಯುಲಾದಿಂದ ದವಡೆ ಕಟ್ಟುವ ಈ ವಿಧಾನವನ್ನು ನ್ಯೂಯಾರ್ಕಿನ ಡಾ. ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಇದು ವಾಡಿಕೆಯ ಕೆಲಸ. ಹೆಚ್ಚಿನವರು ಕೆಲವು ವಾರಗಳಲ್ಲಿ ಚೆನ್ನಾಗಿ ನಡೆದಾಡುತ್ತಾರೆ. ಕೆಲವರಿಗೆ ಕಣಕಾಲು ಬಿಗಿಯುತ್ತದೆ, ಹೆಬ್ಬೆರಳು ಮಡಚುವ ಬಲ ಕುಗ್ಗುತ್ತದೆ. ಹೊಲಕ್ಕಿಳಿಯುವವರಿಗೆ ಫಿಸಿಯೋಥೆರಪಿ ತಪ್ಪಿಸಲೇಬಾರದು. ಎಲುಬು ತೆಗೆಯುವ ಮೊದಲು ಕಾಲಿನ ರಕ್ತನಾಳಗಳ ಪರೀಕ್ಷೆಯೂ ಆಗಿರಲಿ.

ರೊಟ್ಟಿ ಬೇಗ ಸಿಗದು. ಮೊದಲ ಕೆಲವು ದಿನ ಮೂಗಿನ ನಳಿಕೆ, ಆಮೇಲೆ ಗಂಜಿ, ಮೆತ್ತನೆಯ ಅನ್ನ. ಸಾಮಾನ್ಯವಾಗಿ ಎಲುಬು ಬೆಸೆಯಲು ಸುಮಾರು ಆರು ತಿಂಗಳು ಕಾದು ಟೈಟೇನಿಯಂ ಇಂಪ್ಲಾಂಟ್ ಕೂರಿಸುತ್ತಾರೆ, ಅದು ಎಲುಬಿಗೆ ಅಂಟಲು ಮತ್ತೆ ಮೂರರಿಂದ ಆರು ತಿಂಗಳು, ನಂತರ ಹಲ್ಲು. ಕೆಲವು ಕಡೆ ಬೇಗನೆಯೂ ಮಾಡುತ್ತಾರೆ. ನಿಮ್ಮವರಿಗೆ ರೇಡಿಯೇಷನ್ ಬೇಕಾಗುವುದಿಲ್ಲವಾದ್ದರಿಂದ ಇಂಪ್ಲಾಂಟ್ ಹಿಡಿಯುವ ಭರವಸೆ ಹೆಚ್ಚು. ಎಲೆ-ತಂಬಾಕು, ಬೀಡಿಯ ಚಟವಿದ್ದರೆ ಇಂದೇ ಬಿಡಬೇಕು. ಅದು ಗಾಯ ಮಾಯಲು ಬಿಡುವುದಿಲ್ಲ.

ಒಂದು ಕಹಿ ಮಾತನ್ನೂ ಹೇಳಬೇಕು. ದವಡೆಯ ಜೊತೆ ನರವೂ ಹೋದರೆ ಎಡ ಕೆಳತುಟಿ ಮರಗಟ್ಟಿಯೇ ಉಳಿಯಬಹುದು, ಜೊಲ್ಲು ಸುರಿದದ್ದು ತಿಳಿಯದೆ ಹೋಗಬಹುದು. ಅವರಿಗೆ ಇದು ಮೊದಲೇ ಗೊತ್ತಿರಲಿ. ನಿಮ್ಮವರು ಸುಮ್ಮನಾಗಿರುವುದು ಹಟದಿಂದಲ್ಲ, ಭಯದಿಂದ ಎಂದು ನನಗನ್ನಿಸುತ್ತದೆ. ಬುದ್ಧಿ ಹೇಳಬೇಡಿ, ಪಕ್ಕದಲ್ಲಿ ಕೂತು ಏನು ಭಯ ಎಂದು ಕೇಳಿ. ಇದೇ ಆಪರೇಷನ್ ಆದವರೊಬ್ಬರನ್ನು ಭೇಟಿ ಮಾಡಿಸಲು ಡಾಕ್ಟರನ್ನು ಕೋರಿ. ನೂರು ಮಾತಿಗಿಂತ ಅದು ಹೆಚ್ಚು ಧೈರ್ಯ ಕೊಡುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಏನೇನು ಸಿಗುತ್ತದೆ ಎಂದು ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿ. ಹಲ್ಲಿನ ಖರ್ಚನ್ನು ಬೇರೆಯಾಗಿಯೇ ಕೇಳಿ, ಬರೆಸಿಕೊಳ್ಳಿ. ಈ ಗಡ್ಡೆ ಹತ್ತು ವರ್ಷದ ಮೇಲೂ ಮರಳಿದ್ದುಂಟು, ಎಕ್ಸ್‌ರೇ ತಪಾಸಣೆ ಬಿಡಬೇಡಿ. ಈ ವಾರವೇ ಹೋಗಿ ಆಪರೇಷನ್ನಿನ ದಿನ ಗೊತ್ತು ಮಾಡಿಕೊಂಡು ಬನ್ನಿ. ಗಡ್ಡೆ ಬೆಳೆದಷ್ಟೂ ತೆಗೆಯಬೇಕಾದ ದವಡೆ ಹೆಚ್ಚಾಗುತ್ತದೆ.