ಸ್ಕ್ರೀನಿನ ತಪ್ಪೋ, ತಂತಿಯ ತಪ್ಪೋ?

ಭಾನುವಾರ ಬೆಳಗ್ಗೆ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಪತ್ರಿಕೆ ಓದುವವರೇ ಹೆಚ್ಚು. ಕಷ್ಟ ಹೇಳಿಕೊಳ್ಳಲು ಬರುವವರೂ ಇಲ್ಲದಿಲ್ಲ. ಕೆಲವು ವಾರಗಳ ಹಿಂದೆ ಗದಗಿನ ಕಡೆಯ ಒಬ್ಬ ತರುಣ ಬಂದು, ಪತ್ರಿಕೆಯನ್ನು ಮುಂದಿಟ್ಟುಕೊಂಡು ಓದದೆ ಕುಳಿತಿದ್ದ. ಅಂಧೇರಿಯ ಒಂದು ಕಚೇರಿಯಲ್ಲಿ ಕಂಪ್ಯೂಟರು, ಪ್ರಿಂಟರುಗಳನ್ನು ಜೋಡಿಸುವುದು, ಕೆಟ್ಟರೆ ನೋಡುವುದು ಅವನ ಕೆಲಸ. ಸಭೆ ನಡೆಯುವ ಕೋಣೆಗೆ ಹೊಸದಾಗಿ ತಂದ ದೊಡ್ಡ ಸ್ಕ್ರೀನನ್ನು ಅವನೇ ಗೋಡೆಗೆ ಏರಿಸಿದ್ದ. ಚಿತ್ರವೇನೋ ಬಂತು. ಆದರೆ ಐದು ಹತ್ತು ನಿಮಿಷಕ್ಕೊಮ್ಮೆ ಸ್ಕ್ರೀನು ಕಪ್ಪಾಗಿ, ಎರಡು ಕ್ಷಣ ಬಿಟ್ಟು ಮತ್ತೆ ಬೆಳಗುವುದು. ಏರಿಸುವಾಗ ಇವನು ಎಲ್ಲೋ ಅಪ್ಪಳಿಸಿರಬೇಕೆಂದು ಮೇಲಿನವರು ತೀರ್ಮಾನಿಸಿ, ಸ್ಕ್ರೀನಿನ ಬೆಲೆಯನ್ನು ಆರು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುವುದಾಗಿ ಹೇಳಿದ್ದರು.

"ಅಣ್ಣಾರ, ನಾ ಅದನ್ನ ಕೆಡವಿಲ್ರಿ. ಹೂವಿನಂಗ ಹಿಡದು ಹಾಕೀನಿ" ಎಂದ.

ತಂತಿ ಯಾವುದು ಹಾಕಿದೆಯಪ್ಪಾ ಎಂದು ನಾವು ಕೇಳಿದೆವು.

"ಅದು ಹಳೇದ ಐತ್ರಿ, ಗೋಡಿಯೊಳಗ. ನಾಲ್ಕು ವರ್ಷ ಚಲೋ ನಡದೈತಿ. ಅದರದೇನೂ ತಪ್ಪಿಲ್ರಿ."

ನಾಲ್ಕು ವರ್ಷ ಚೆನ್ನಾಗಿ ನಡೆದ ತಂತಿ ಈಗೇಕೆ ಕೈಕೊಟ್ಟಿತು ಎಂಬುದೇ ಈ ತಿಂಗಳ ನಮ್ಮ ಪಾಠ. ಕಚೇರಿಗಳಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರಿಗೆ ಈ ವಿಷಯ ಒಂದಲ್ಲ ಒಂದು ದಿನ ಬೇಕಾಗುತ್ತದೆ. ಇದಕ್ಕೆ ಇಂಜಿನಿಯರ್ ಆಗಬೇಕಾದ ಅಗತ್ಯವಿಲ್ಲ, ಗುಣಾಕಾರ ಬಂದರೆ ಸಾಕು.

ಸ್ಕ್ರೀನೆಂಬುದು ಚುಕ್ಕೆಗಳ ಹಾಸು. ಆ ಕಚೇರಿಯ ಹಳೆಯ ಸ್ಕ್ರೀನಿನಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕೆಗಳಿದ್ದವು. ಗುಣಿಸಿದರೆ 20,73,600. ಹೊಸದರಲ್ಲಿ ಅಡ್ಡಕ್ಕೆ 3840, ಎತ್ತರಕ್ಕೆ 2160. ಇದು 82,94,400 ಆಗುತ್ತದೆ, ಸರಿಯಾಗಿ ನಾಲ್ಕು ಪಟ್ಟು. ಅಂಗಡಿಯವರು ಫೋರ್‌ಕೆ ಎನ್ನುವುದು ಇದನ್ನೇ. ಒಂದೊಂದು ಚುಕ್ಕೆಯ ಬಣ್ಣವನ್ನೂ ಕೆಂಪು, ಹಸುರು, ನೀಲಿ ಎಂದು ಮೂರು ಪಾಲು ಮಾಡಿ, ಪಾಲಿಗೆ 8ರಂತೆ 24 ಬಿಟ್‌ಗಳಲ್ಲಿ ಕಳುಹಿಸುತ್ತಾರೆ. ಬಿಟ್ ಎಂದರೆ ಸೊನ್ನೆ ಅಥವಾ ಒಂದು, ಅಷ್ಟೆ. ಇಡೀ ಚಿತ್ರವನ್ನು ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಬೇಕು. ಈ ಸಲಗಳ ಎಣಿಕೆಯೇ ಪೆಟ್ಟಿಗೆಯ ಮೇಲೆ 60 ಹರ್ಟ್ಸ್, 144 ಹರ್ಟ್ಸ್ ಎಂದು ಕಾಣುವುದು. ಹಾಗಾದರೆ 82,94,400ನ್ನು 60ರಿಂದಲೂ 24ರಿಂದಲೂ ಗುಣಿಸಿ ನೋಡಿ. ಸೆಕೆಂಡಿಗೆ ಸುಮಾರು 1,194 ಕೋಟಿ ಬಿಟ್! ನೂರು ಕೋಟಿ ಬಿಟ್‌ಗೆ ಒಂದು ಗಿಗಾಬಿಟ್ ಎಂದು ಹೆಸರು. ಆದುದರಿಂದ ಇದು 12 ಗಿಗಾಬಿಟ್‌ಗೆ ಕೊಂಚ ಕಡಿಮೆ.

ಇಷ್ಟಕ್ಕೇ ಮುಗಿಯಲಿಲ್ಲ. ಸಾಲಿಗೂ ಸಾಲಿಗೂ ನಡುವೆ, ಚಿತ್ರಕ್ಕೂ ಚಿತ್ರಕ್ಕೂ ನಡುವೆ ಸ್ವಲ್ಪ ಬಿಡುವು ಕೊಡುವ ಪದ್ಧತಿಯಿದೆ. ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನಿನಲ್ಲಿ ಕಿರಣವು ಸಾಲು ಮುಗಿಸಿ ಹಿಂದಿರುಗಲು ಬೇಕಾಗುತ್ತಿದ್ದ ಸಮಯವದು. ಕೊಳವೆ ಹೋದರೂ ಪದ್ಧತಿ ಉಳಿದುಕೊಂಡಿತು. ಅದರ ಮೇಲೆ, ದಾರಿಯಲ್ಲಿ ಗೊಂದಲವಾಗದಿರಲೆಂದು 8 ಬಿಟ್‌ಗಳನ್ನು 10 ಮಾಡಿ ಕಳುಹಿಸುತ್ತಾರೆ. ಎರಡನ್ನೂ ಸೇರಿಸಿದರೆ ಎಚ್‌ಡಿಎಂಐ ತಂತಿಯ ಮೇಲೆ ನಿಜವಾಗಿ ಓಡುವುದು 17.82 ಗಿಗಾಬಿಟ್. ಹಳೆಯ ಸ್ಕ್ರೀನಿಗೆ ಇದೇ ಲೆಕ್ಕದಲ್ಲಿ 4.46 ಸಾಕಾಗಿತ್ತು. ಗೋಡೆಯೊಳಗಿನ ತಂತಿಯ ಮೈಮೇಲೆ 'ಹೈ ಸ್ಪೀಡ್' ಎಂದು ಅಚ್ಚಾಗಿತ್ತೆಂದು ತರುಣ ಹೇಳಿದ. ಆ ಹೆಸರಿನ ತಂತಿಯನ್ನು ಮಾಡಿರುವುದು 10.2 ಗಿಗಾಬಿಟ್‌ಗೆ. ಅದೂ ಹತ್ತು ಮೀಟರು ಉದ್ದದ್ದು. ಐವತ್ತು ಕಿಲೋ ಹೊರುವವನ ಬೆನ್ನಿಗೆ ಇಪ್ಪತ್ತು ಹೊರಿಸಿದಾಗ ತಕರಾರಿರಲಿಲ್ಲ, ಎಂಬತ್ತು ಹೊರಿಸಿದಾಗ ಕಾಲು ನಡುಗಿತು. ತಂತಿ ಕೆಟ್ಟಿರಲಿಲ್ಲ, ಹೊರೆ ಬದಲಾಗಿತ್ತು.

ತಂತಿಯಲ್ಲಿ ಆಗುವುದಾದರೂ ಏನು? ಸಾಹೇಬರು ನಿಧಾನವಾಗಿ ಹೇಳುತ್ತ ಹೋದರೆ ಗುಮಾಸ್ತ ದೂರದಲ್ಲಿ ಕುಳಿತೂ ತಪ್ಪಿಲ್ಲದೆ ಬರೆದುಕೊಳ್ಳಬಲ್ಲ. ಅವರು ನಾಲ್ಕು ಪಟ್ಟು ವೇಗದಲ್ಲಿ ಹೇಳತೊಡಗಿದರೆ, ಕೋಣೆಯ ಆ ತುದಿಯಲ್ಲಿ ಕುಳಿತವನಿಗೆ ಒಂದು ಮಾತಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡಂತೆ ಕೇಳುತ್ತದೆ. ತಾಮ್ರದಲ್ಲೂ ಹೀಗೆಯೇ. ಮಿಡಿತ ವೇಗವಾದಷ್ಟೂ ವಿದ್ಯುತ್ತು ತಂತಿಯ ಹೊರಮೈಯಲ್ಲಿ ಮಾತ್ರ ಹರಿಯುತ್ತದೆ, ನಷ್ಟ ಹೆಚ್ಚುತ್ತದೆ, ಸುತ್ತಲಿನ ಹೊದಿಕೆಯೂ ಒಂದಿಷ್ಟನ್ನು ನುಂಗುತ್ತದೆ. ಆ ತುದಿ ತಲಪುವಾಗ ಸೊನ್ನೆ ಯಾವುದು, ಒಂದು ಯಾವುದು ಎಂಬುದೇ ಮಸುಕಾಗುತ್ತದೆ.

ಇಲ್ಲಿ ವಾಚಕರು ಒಂದು ವಿಷಯವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. 1987ರಲ್ಲಿ ಬಂದ ವಿಜಿಎ ಎಂಬ ಹದಿನೈದು ಮುಳ್ಳಿನ ತಂತಿಯಲ್ಲಿ ಬಣ್ಣವು ವಿದ್ಯುತ್ತಿನ ಏರಿಳಿತವಾಗಿಯೇ ಹೋಗುತ್ತಿತ್ತು. ಕಳಪೆ ತಂತಿಯಾದರೆ ಅಕ್ಷರ ಮಬ್ಬಾಗಿ, ಪಕ್ಕದಲ್ಲಿ ನೆರಳು ಕಾಣುತ್ತಿತ್ತು. ಈಗಿನದು ಸೊನ್ನೆ ಒಂದರ ಲೆಕ್ಕ. ಲೆಕ್ಕ ಸರಿಯಾಗಿ ತಲಪಿದರೆ ಚಿತ್ರ ಸಂಪೂರ್ಣ ಸರಿ. ತಲಪದಿದ್ದರೆ ಬಿಳಿ ಕಿಡಿಗಳು ಹಾರುತ್ತವೆ, ಗೆರೆ ಬೀಳುತ್ತದೆ, ಸ್ಕ್ರೀನು ಕಪ್ಪಾಗಿ ಮರಳುತ್ತದೆ, ಇಲ್ಲವೆ ಏನೂ ಬರುವುದೇ ಇಲ್ಲ. ಆದುದರಿಂದ 'ಈ ಕೇಬಲ್ಲು ಹಾಕಿದರೆ ಬಣ್ಣ ಗಾಢವಾಗಿ ಕಾಣುತ್ತದೆ' ಎಂದು ಯಾರಾದರೂ ನಾಲ್ಕು ಪಟ್ಟು ಬೆಲೆ ಹೇಳಿದರೆ ನಕ್ಕು ಮುಂದೆ ಹೋಗಿ. ತುದಿಗೆ ಬಳಿದ ಚಿನ್ನದ ನೀರು ಕಿಲುಬು ಕಟ್ಟದಂತೆ ಕಾಯುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಅದು ಒಳ್ಳೆಯದೇ. ಚಿತ್ರವನ್ನೇನೂ ಅದು ಚೆಂದ ಮಾಡದು.

ಹಾಗಾದರೆ ಕೊಳ್ಳುವಾಗ ನೋಡಬೇಕಾದ್ದೇನು? ಲ್ಯಾಮಿಂಗ್ಟನ್ ರಸ್ತೆಯಲ್ಲಿ ನಮ್ಮವರು ಹೋಗಿ "ಟು ಪಾಯಿಂಟ್ ಒನ್ ಕೇಬಲ್ ಕೊಡಿ" ಎಂದು ಕೇಳುವುದನ್ನು ನಾವು ಕಂಡಿದ್ದೇವೆ. ಮದರಾಸಿನ ರಿಚಿ ಸ್ಟ್ರೀಟಿನಲ್ಲಿ, ದಿಲ್ಲಿಯ ನೆಹರೂ ಪ್ಲೇಸಿನಲ್ಲಿ ಕೇಳುವುದೂ ಹೀಗೆಯೇ ಇರಬೇಕು. 1.4, 2.0, 2.1 ಎಂಬ ಅಂಕಿಗಳು ಯಂತ್ರಗಳ ನಿಯಮಾವಳಿಗೆ ಸೇರಿದವು. ಕೇಬಲ್ಲಿಗೆ ಆ ಅಂಕಿ ಹಾಕಿ ಮಾರಬಾರದೆಂದು ಎಚ್‌ಡಿಎಂಐ ಪರವಾನಗಿ ಕೊಡುವವರದೇ ನಿಯಮವಿದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ '2.1 ಕೇಬಲ್' ಎಂದಿದ್ದರೆ ಅದನ್ನು ಒಂದು ಎಚ್ಚರಿಕೆಯೆಂದೇ ತಿಳಿಯಬಹುದು. ಕೇಬಲ್ಲಿಗೆ ಇರುವುದು ಅಂಕಿಯಲ್ಲ, ಹೆಸರು. 'ಹೈ ಸ್ಪೀಡ್' ಎಂದರೆ 10.2 ಗಿಗಾಬಿಟ್. 'ಪ್ರೀಮಿಯಂ ಹೈ ಸ್ಪೀಡ್' ಎಂದರೆ 18. 'ಅಲ್ಟ್ರಾ ಹೈ ಸ್ಪೀಡ್' ಎಂದರೆ 48. 2025ರಲ್ಲಿ ಪ್ರಕಟವಾದ ಹೊಸ ನಿಯಮಾವಳಿಯೊಡನೆ 'ಅಲ್ಟ್ರಾ 96' ಎಂಬ ಹೆಸರೂ ಸೇರಿದೆ, ಅದರ ಮಿತಿ 96. ಪ್ರೀಮಿಯಂ, ಅಲ್ಟ್ರಾ ಎರಡಕ್ಕೂ ಪರೀಕ್ಷೆ ಕಡ್ಡಾಯ. ಪರೀಕ್ಷೆಯಾದ ಕೇಬಲ್ಲಿನ ಪೊಟ್ಟಣದ ಮೇಲೆ ಹೊಳೆಯುವ ಚೀಟಿಯೂ ಅದರಲ್ಲಿ ಮೊಬೈಲಿನಿಂದ ಓದಬಹುದಾದ ಚೌಕುಳಿ ಗುರುತೂ ಇರುತ್ತವೆ. ಅಂಗಡಿಯಲ್ಲೇ ನಿಂತು ಓದಿಸಿ ನೋಡಿ. '8ಕೆ' ಎಂದು ಅಚ್ಚು ಹಾಕಿಸುವುದಕ್ಕೆ ಯಾರ ಪರೀಕ್ಷೆಯೂ ಬೇಕಿಲ್ಲ, ಈ ಚೀಟಿಗೆ ಬೇಕು.

ದೊಡ್ಡದನ್ನೇ ಕೊಂಡರಾಯಿತಲ್ಲ ಎನ್ನಬಹುದು. ಕೊಂಡರೆ ಕೆಡುಕಿಲ್ಲ, ಹಳೆಯ ಯಂತ್ರಗಳಿಗೂ ಅದು ಒಗ್ಗುತ್ತದೆ. ಆದರೆ ಲೆಕ್ಕ ಬರೆಯುವ ಮೇಜಿನ ಮೇಲೆ 1920ಕ್ಕೆ 1080ರ ಸ್ಕ್ರೀನು, 60 ಅಥವಾ 100 ಹರ್ಟ್ಸ್ ಇದ್ದರೆ ಹೈ ಸ್ಪೀಡ್ ತಂತಿಯೇ ಧಾರಾಳವಾಯಿತು. ಉಳಿದ ಹಣದಲ್ಲಿ ಊರಿಗೆ ಎರಡು ಸಲ ಫೋನ್ ರೀಚಾರ್ಜ್ ಮಾಡಿಸಬಹುದು. 2560ಕ್ಕೆ 1440, 144 ಹರ್ಟ್ಸ್ ಆದರೆ ಪ್ರೀಮಿಯಂ ಬೇಕು. ಫೋರ್‌ಕೆ 60ಕ್ಕೂ ಅದೇ. ಫೋರ್‌ಕೆ 120 ಅಥವಾ 144 ಆದರೆ ಅಲ್ಟ್ರಾ ಅಲ್ಲದೆ ಬೇರೆ ದಾರಿಯಿಲ್ಲ. 82,94,400ನ್ನು 144ರಿಂದಲೂ 24ರಿಂದಲೂ ಗುಣಿಸಿದರೆ ಬಿಡುವಿನ ಲೆಕ್ಕ ಸೇರಿಸದೆಯೇ 28.67 ಗಿಗಾಬಿಟ್ ಆಗುತ್ತದೆ.

ವೇಗದ ಸ್ಕ್ರೀನುಗಳಿಗೆ ಇನ್ನೊಂದು ಬಗೆಯ ತಂತಿ ರೂಢಿಯಲ್ಲಿದೆ, ಡಿಸ್‌ಪ್ಲೇಪೋರ್ಟ್ ಎಂದು. 2006ರಲ್ಲಿ ವೆಸಾ ಎಂಬ ಸಂಸ್ಥೆ ಹೊರತಂದದ್ದು. ಒಂದು ಮೂಲೆ ಕತ್ತರಿಸಿದಂತಿರುವ ಬಾಯಿ ನೋಡಿದರೆ ಗುರುತು ಸಿಗುತ್ತದೆ. 2014ರ ನಿಯಮಾವಳಿಯಂತೆ ಇದು 32.4 ಗಿಗಾಬಿಟ್ ಒಯ್ಯುತ್ತದೆ. ಅದರಲ್ಲಿ ಚಿತ್ರಕ್ಕೆ ದಕ್ಕುವುದು 25.92. ಫೋರ್‌ಕೆ 144 ಅದರಲ್ಲಿ ಹಿಡಿಸದಾದ್ದರಿಂದ ಚಿತ್ರವನ್ನು ಅಡಕಮಾಡಿ ಕಳುಹಿಸುತ್ತಾರೆ. 2019ರ ನಿಯಮಾವಳಿಯ ಯಂತ್ರಗಳಿಗೆ 'ಡಿಪಿ40', 'ಡಿಪಿ80' ಎಂಬ ಗುರುತಿನ ಕೇಬಲ್ಲುಗಳಿವೆ. ಅಂಕಿಯೇ ಗಿಗಾಬಿಟ್. ಅಗ್ಗದ ಕೆಲವು ಡಿಸ್‌ಪ್ಲೇಪೋರ್ಟ್ ಕೇಬಲ್ಲುಗಳಲ್ಲಿ ಒಂದು ವಿಚಿತ್ರ ದೋಷ ಕಂಡುಬರುತ್ತದೆ. ಇಪ್ಪತ್ತನೆಯ ಮುಳ್ಳು ಎರಡು ಕಡೆಯೂ 3.3 ವೋಲ್ಟು ಕೊಡುವಂಥದು. ಅದನ್ನು ತಂತಿಯಲ್ಲಿ ಸೇರಿಸಕೂಡದು. ಸೇರಿಸಿಬಿಟ್ಟರೆ ಸ್ಕ್ರೀನಿನಿಂದ ಕಂಪ್ಯೂಟರಿಗೆ ಹಿಮ್ಮುಖವಾಗಿ ವಿದ್ಯುತ್ತು ನುಗ್ಗಿ, ಅದು ಶುರುವಾಗದೆಯೇ ನಿಂತುಬಿಡುವುದುಂಟು. ಕಂಪ್ಯೂಟರು ಸತ್ತಿತೆಂದು ರಿಪೇರಿಗೆ ಹೊರುವ ಮೊದಲು ಈ ಕೇಬಲ್ಲನ್ನು ಕಿತ್ತು ನೋಡಬೇಕು. ಕೀಳುವಾಗ ತುದಿಯ ಗುಂಡಿಯನ್ನು ಒತ್ತಿ ಕೀಳಿ. ಒಳಗೆ ಕೊಕ್ಕೆಯಿರುತ್ತದೆ, ಜಗ್ಗಿದರೆ ಬಾಯಿಯೇ ಕಿತ್ತುಬರುತ್ತದೆ.

ಬದಲಿ ಜೋಡಣೆಯ ವಿಷಯದಲ್ಲಿ ಒಂದೇ ಮಾತು: ಡಿಸ್‌ಪ್ಲೇಪೋರ್ಟಿನ ಕಂಪ್ಯೂಟರಿನಿಂದ ಎಚ್‌ಡಿಎಂಐ ಸ್ಕ್ರೀನಿಗೆ ಸಾಧಾರಣ ತಂತಿ ನಡೆಯುತ್ತದೆ, ಎಚ್‌ಡಿಎಂಐ ಕಂಪ್ಯೂಟರಿನಿಂದ ಡಿಸ್‌ಪ್ಲೇಪೋರ್ಟ್ ಸ್ಕ್ರೀನಿಗೆ ನಡೆಯುವುದಿಲ್ಲ. ಟೈಪ್-ಸಿ ತಂತಿಗಳು ಹೊರಗೆ ಎಲ್ಲವೂ ಒಂದೇ ಬಗೆ. ಫೋನ್ ಚಾರ್ಜು ಮಾಡುವ ತಂತಿಯಲ್ಲಿ ಚಿತ್ರ ಒಯ್ಯುವ ಎಳೆಗಳು ಸಾಮಾನ್ಯವಾಗಿ ಇರುವುದೇ ಇಲ್ಲ.

ಉದ್ದದ ಮಾತು ಮುಖ್ಯ. ಬೇಕಾದಷ್ಟೇ ಉದ್ದ ಕೊಳ್ಳಿ. ಮೇಜಿನ ಮೇಲೆ ಒಂದೂವರೆ, ಎರಡು ಮೀಟರು ಸಾಕು. 48 ಗಿಗಾಬಿಟ್‌ನ ತಾಮ್ರದ ತಂತಿ ಮೂರು ಮೀಟರಾದ ಮೇಲೆ ಕಷ್ಟಪಡುತ್ತದೆ. ಹತ್ತು, ಹದಿನೈದು ಮೀಟರು ಬೇಕೆಂದರೆ ಗಾಜಿನ ಎಳೆಯಲ್ಲಿ ಬೆಳಕಾಗಿ ಚಿತ್ರ ಒಯ್ಯುವ ಆಪ್ಟಿಕಲ್ ಕೇಬಲ್ಲು ಬರುತ್ತದೆ. ಅದಕ್ಕೆ ತಲೆ ಬೇರೆ, ಬಾಲ ಬೇರೆ. ಯಾವುದು ಕಂಪ್ಯೂಟರಿಗೆ, ಯಾವುದು ಸ್ಕ್ರೀನಿಗೆ ಎಂದು ತುದಿಯಲ್ಲಿ ಬರೆದಿರುತ್ತಾರೆ. ಗೋಡೆಯೊಳಗೆ ಎಳೆಯುವ ಮೊದಲು ನೆಲದ ಮೇಲೆ ಹಾಸಿ ಒಂದು ಗಂಟೆ ನಡೆಸಿ ನೋಡಿ. ತಿರುಗಿಸಿ ಹಾಕಿದ್ದು ಗಾರೆ ಬಳಿದ ಮೇಲೆ ಗೊತ್ತಾದರೆ ಬೈಗುಳ ತಿನ್ನುವವನು ನೀವೇ.

ಸ್ಕ್ರೀನು ಕಪ್ಪಾಗುತ್ತಿದ್ದರೆ ಹೀಗೆ ಮಾಡಿ. ಮೊದಲು ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ಹರ್ಟ್ಸ್ ಇಳಿಸಿ. 144 ಇದ್ದರೆ 60, 60 ಇದ್ದರೆ 30. ಕಪ್ಪಾಗುವುದು ನಿಂತಿತೋ, ಹೊರೆ ಹೆಚ್ಚಾಗಿತ್ತೆಂದು ಅರ್ಥ, ತಂತಿಯ ಮೇಲೆ ಸಂಶಯ. (ಅಂದ ಹಾಗೆ, 144ರ ಸ್ಕ್ರೀನು ಕೊಂಡು, ಈ ಜಾಗವನ್ನು ಒಮ್ಮೆಯೂ ತೆರೆಯದೆ ತಿಂಗಳುಗಟ್ಟಲೆ 60ರಲ್ಲೇ ಕೆಲಸ ಮಾಡುವವರೂ ಇದ್ದಾರೆ.) ಆಮೇಲೆ ಸ್ಕ್ರೀನಿನ ಪೆಟ್ಟಿಗೆಯೊಳಗೆ ಬಂದ ಗಿಡ್ಡ ತಂತಿಯನ್ನು ಹಾಕಿ ಮೊದಲಿನ ಹರ್ಟ್ಸ್‌ಗೆ ಏರಿಸಿ. ಆಗ ಸರಿಯಾದರೆ ಸಂಶಯವೇ ಉಳಿಯಲಿಲ್ಲ. ಆ ತಂತಿಯಲ್ಲೂ, ಇಳಿಸಿದ ಹರ್ಟ್ಸ್‌ನಲ್ಲೂ ಕಪ್ಪಾದರೆ ಮಾತ್ರ ಸ್ಕ್ರೀನಿನ ಅಥವಾ ಕಂಪ್ಯೂಟರಿನ ಕಡೆ ತಿರುಗಬೇಕು. ಎರಡು ತುದಿಯ ಬಾಯಿಗಳೂ ಆ ವೇಗಕ್ಕೆ ತಕ್ಕವೇ ಎಂದು ನೋಡಲು ಮರೆಯಬೇಡಿ. ಮೂವರಲ್ಲಿ ನಿಧಾನದವನ ವೇಗವೇ ಎಲ್ಲರ ವೇಗ.

ತರುಣ ಸೋಮವಾರ ಹೀಗೆಯೇ ಮಾಡಿದ. ಕಂಪ್ಯೂಟರನ್ನೇ ಒಳಕೋಣೆಯಿಂದ ಸ್ಕ್ರೀನಿನ ಬುಡಕ್ಕೆ ಹೊತ್ತು ತಂದು, ಪೆಟ್ಟಿಗೆಯ ಎರಡು ಮೀಟರಿನ ತಂತಿ ಹಾಕಿ, ಬೆಳಗಿನಿಂದ ಸಂಜೆಯವರೆಗೆ ಬಿಟ್ಟ. ಒಂದು ಸಲವೂ ಕಪ್ಪಾಗಲಿಲ್ಲ. ನಾವು ಬರೆದುಕೊಟ್ಟಿದ್ದ ಗುಣಾಕಾರದ ಚೀಟಿಯನ್ನು ಮೇಲಿನವರ ಮುಂದಿಟ್ಟ. ಸಂಬಳ ಮುರಿಯುವ ಮಾತು ಅಲ್ಲಿಗೆ ನಿಂತಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲವಂತೆ. ಆಪ್ಟಿಕಲ್ ಕೇಬಲ್ಲು ತರಿಸಿ, ಎಳೆಯುವ ಕೆಲಸವನ್ನು ಅವನಿಗೇ ಕೊಟ್ಟರಂತೆ.

ಇದಾದ ಮೇಲೆ ವಾಚನಾಲಯದಲ್ಲಿ ಚೀಟಿಯಿರುವ ಎರಡು ಮೀಟರಿನ ಒಂದು ಅಲ್ಟ್ರಾ ಹೈ ಸ್ಪೀಡ್ ಕೇಬಲ್ಲನ್ನೂ ಒಂದು ಡಿಸ್‌ಪ್ಲೇಪೋರ್ಟ್ ಕೇಬಲ್ಲನ್ನೂ ತಂದಿರಿಸಿದ್ದೇವೆ. ಪರೀಕ್ಷೆಗೆ ಬೇಕಾದವರು ಪುಸ್ತಕದ ಹಾಗೆಯೇ ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ನಾಲ್ಕು ದಿನದೊಳಗೆ ಹಿಂದಿರುಗಿಸಬೇಕು. ಸುತ್ತುವಾಗ ಮಡಿಕೆ ಬೀಳದಂತೆ, ದೊಡ್ಡ ಬಳೆಯಾಗಿ ಸುತ್ತಿ ತನ್ನಿ.