ಉರಿದರೆ, ಉರಿದರೂ: ಕಾರಿನ ದೋಷವನ್ನು ಹುಡುಕುವ ಭಾಷೆ

ತರಗತಿ: 10 ಅವಧಿ: 2

ಉದ್ದೇಶ

ಕಾರ್ಯಕಾರಣ ಸಂಬಂಧವನ್ನು ಕನ್ನಡದಲ್ಲಿ ನಿಖರವಾಗಿ ನಿರೂಪಿಸುವ ಸಾಮರ್ಥ್ಯವನ್ನು ಬೆಳೆಸುವುದು ಈ ಪಾಠದ ಗುರಿ. ಗಡಿಯಾಚೆಯ ಕನ್ನಡ ಮಕ್ಕಳು ಯಂತ್ರಗಳ ಕುರಿತ ಮಾತನ್ನು ಹೊಸೂರಿನಲ್ಲಿ ತಮಿಳಿನಿಂದ, ಅಕ್ಕಲಕೋಟೆಯಲ್ಲಿ ಮರಾಠಿಯಿಂದ ಕಲಿಯುವುದು ಸಹಜ. ಆದರೆ ಕನ್ನಡವು ಕಥೆ, ಕವಿತೆಗಳಿಗಷ್ಟೇ ತಕ್ಕ ಭಾಷೆಯೆಂಬ ಭಾವನೆ ಅವರಲ್ಲಿ ಬೇರೂರಿದರೆ, ಮುಂದೆ ಅವರ ದುಡಿಮೆಯಲ್ಲಿ ಈ ಭಾಷೆಗೆ ಎಡೆಯಿರದು.

ವಿಷಯ ನಿರೂಪಣೆ

ಕೀಲಿ ತಿರುಗಿಸಿದಾಗ ಕಾರು ಹೊರಡದಿರುವುದರಲ್ಲಿ ಎರಡು ಬಗೆಗಳುಂಟು: ಎಂಜಿನ್ ತಿರುಗದೆ ಇರುವುದು ಒಂದು, ತಿರುಗಿಯೂ ಹೊತ್ತಿಕೊಳ್ಳದಿರುವುದು ಇನ್ನೊಂದು. ಶಿಕ್ಷಕರು ಮೊದಲು ಈ ಭೇದವನ್ನು ಸ್ಪಷ್ಟಪಡಿಸಬೇಕು.

ಎಂಜಿನ್ ತಿರುಗದಿದ್ದರೆ ಪರೀಕ್ಷೆ ಬ್ಯಾಟರಿಯಿಂದ ಆರಂಭವಾಗುತ್ತದೆ. ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಸಾಮಾನ್ಯ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12 ವೋಲ್ಟಿಗೆ ಇಳಿದಿದ್ದರೆ ಬಹುಪಾಲು ಬರಿದಾಗಿದೆಯೆಂದರ್ಥ. ಆದರೆ ದೀಪಗಳು ಚೆನ್ನಾಗಿ ಉರಿದರೂ ಎಂಜಿನ್ ತಿರುಗದಿರಬಹುದು. ಇದಕ್ಕೆ ಕಾರಣವನ್ನು ಓಮನ ನಿಯಮ ತಿಳಿಸುತ್ತದೆ. ಬ್ಯಾಟರಿ ತುದಿಯಲ್ಲಿ ಪುಡಿಗಟ್ಟಿ 0.02 ಓಮ್ ರೋಧ ಉಂಟಾಗಿದೆಯೆಂದು ಭಾವಿಸೋಣ. 10 ಆಂಪಿಯರ್ ಎಳೆಯುವ ದೀಪಗಳಿಗೆ ಅಲ್ಲಿ ನಷ್ಟವಾಗುವುದು 0.2 ವೋಲ್ಟ್ ಮಾತ್ರ. 150 ಆಂಪಿಯರ್ ಬೇಡುವ ಸೆಲ್ಫ್ ಮೋಟಾರಿಗಾದರೋ 3 ವೋಲ್ಟ್ ನಷ್ಟ. ದೀಪಕ್ಕೆ ಸಾಕಾದ ದಾರಿ ಸೆಲ್ಫಿಗೆ ಸಾಲದು.

ಕೀಲಿ ತಿರುಗಿಸಿದೊಡನೆ ದೀಪಗಳು ತೀರಾ ಮಂಕಾದರೆ ದುರ್ಬಲ ಬ್ಯಾಟರಿ, ಕೆಟ್ಟ ಜೋಡಣೆ ಅಥವಾ ಬಿಗಿದುಕೊಂಡ ಸೆಲ್ಫ್ ಕಾರಣವಾಗಿರಬಹುದು. ಮಂಕಾಗದೆ, ಸದ್ದೂ ಬಾರದಿದ್ದರೆ ಸೆಲ್ಫಿಗೆ ವಿದ್ಯುತ್ತು ತಲುಪುತ್ತಿಲ್ಲ. ಆಗ ಫ್ಯೂಸ್, ರಿಲೇ, ಕೀಲಿಯ ಸ್ವಿಚ್ಚು, ಸೆಲ್ಫಿನ ತಂತಿಗಳನ್ನು ನೋಡಬೇಕು.

ಎಂಜಿನ್ ತಿರುಗಿದರೂ ಹೊತ್ತಿಕೊಳ್ಳದಿದ್ದರೆ ಪ್ರಶ್ನೆ ಬದಲಾಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಗಾಳಿ, ಇಂಧನ, ಸಕಾಲದ ಕಿಡಿ, ಸಾಕಷ್ಟು ಒತ್ತಡ ಈ ನಾಲ್ಕೂ ಬೇಕು. ಇವುಗಳಲ್ಲಿ ಯಾವುದು ಇಲ್ಲವೆಂದು ಒಂದೊಂದಾಗಿ ಪರೀಕ್ಷಿಸುವುದೇ ಕ್ರಮ.

ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. 12.6ಕ್ಕಿಂತ ಮೇಲೇರದಿದ್ದರೆ ಚಾರ್ಜಿಂಗ್ ನಡೆಯುತ್ತಿಲ್ಲ. ಇದನ್ನು ಅಳೆಯದೆ ಹೊಸ ಬ್ಯಾಟರಿ ಕೊಂಡರೂ ಅದು ಬೇಗನೆ ಬರಿದಾಗುತ್ತದೆ. ಬಾಡಿಗೆ ಕಾರಿನಿಂದಲೇ ಬದುಕುವ ಕುಟುಂಬಕ್ಕೆ ಆ ಊಹೆಯ ಬೆಲೆ ಹಲವು ದಿನಗಳ ದುಡಿಮೆ.

ಎಚ್ಚರಿಕೆ ದೀಪ ಬೆಳಗಿದಾಗ ಸ್ಕ್ಯಾನರ್ ನೀಡುವ ಸಂಕೇತವೂ ತೀರ್ಪಲ್ಲ, ಸಾಕ್ಷ್ಯ ಮಾತ್ರ. ‘ಮಿಶ್ರಣದಲ್ಲಿ ಇಂಧನ ಕಡಿಮೆ’ ಎಂಬ ಸಂಕೇತ ಬಂದರೆ ಆಮ್ಲಜನಕ ಸೆನ್ಸರನ್ನೇ ಬದಲಾಯಿಸಬೇಕೆಂದಿಲ್ಲ. ಬಿರುಕುಬಿಟ್ಟ ಗಾಳಿ ಕೊಳವೆಯಿಂದಲೂ ಅದು ಬರಬಹುದು.

ಭಾಷಾಂಶ

‘ಉರಿದರೆ’ ಎಂಬುದು ಷರತ್ತನ್ನು ಮುಂದಿಡುತ್ತದೆ. ‘ಉರಿದರೂ’ ಎಂಬುದು ನಿರೀಕ್ಷೆ ಸುಳ್ಳಾದುದನ್ನು ಹೇಳುತ್ತದೆ. ದೋಷಶೋಧನೆಯಲ್ಲಿ ಮೊದಲನೆಯದು ಪರೀಕ್ಷೆಯ ವಾಕ್ಯ, ಎರಡನೆಯದು ಹೊಸ ಪ್ರಶ್ನೆಯನ್ನು ಹುಟ್ಟಿಸುವ ವಾಕ್ಯ. ‘ಇರಬಹುದು’ ಎನ್ನಬೇಕಾದಲ್ಲಿ ‘ಇದೆ’ ಎಂದು ಬರೆದರೆ ಅದು ವ್ಯಾಕರಣದ ತಪ್ಪಲ್ಲದಿದ್ದರೂ ತರ್ಕದ ತಪ್ಪು. ಸೆಲ್ಫ್, ಪ್ಲಗ್, ಡೈನಮೋ ಮುಂತಾದ ಗ್ಯಾರೇಜಿನ ಪದಗಳನ್ನು ಹಾಗೆಯೇ ಬಳಸಲು ಬಿಡಬೇಕು. ಅವುಗಳಿಗೆ ಕ್ಲಿಷ್ಟವಾದ ಪರ್ಯಾಯಗಳನ್ನು ಹೇರಬಾರದು. ವಾಕ್ಯದ ಕಟ್ಟು ಕನ್ನಡದ್ದಾಗಿದ್ದರೆ ಸಾಕು.

ಚಟುವಟಿಕೆ

ಶಿಕ್ಷಕರು ಲಕ್ಷಣಗಳನ್ನು ಚೀಟಿಗಳಲ್ಲಿ ಬರೆದು ಗುಂಪುಗಳಿಗೆ ಹಂಚಬೇಕು. ಪ್ರತಿ ಗುಂಪು ಒಂದು ಸಂಭಾವ್ಯ ಕಾರಣ, ಅದನ್ನು ಪರೀಕ್ಷಿಸುವ ವಿಧಾನ, ಪರೀಕ್ಷೆಯ ಎರಡು ಫಲಿತಾಂಶಗಳಿಂದ ತಿಳಿಯುವುದೇನೆಂಬುದನ್ನು ಬರೆಯಬೇಕು. ವಿದ್ಯಾರ್ಥಿಗಳು ವಾಹನದ ಬ್ಯಾಟರಿಯನ್ನು ಮುಟ್ಟುವಂತಿಲ್ಲ. ಅದರಲ್ಲಿ ಆಮ್ಲವಿದೆ; ಚಾರ್ಜ್ ಆಗುವಾಗ ಹೊರಬರುವ ಜಲಜನಕ ಕಿಡಿ ತಗುಲಿದರೆ ಸ್ಫೋಟಿಸಬಲ್ಲದು. ಕಾರಿನ ಮೈಗೆ ಜೋಡಿಸಿದ ಋಣತುದಿಯನ್ನೇ ಮೆಕ್ಯಾನಿಕರು ಮೊದಲು ಬಿಚ್ಚುವುದೇಕೆ ಎಂಬುದನ್ನು ಚಿತ್ರದ ನೆರವಿನಿಂದ ಚರ್ಚಿಸಬಹುದು.

ಮೌಲ್ಯಮಾಪನ

‘ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಹೊರಡಲಿಲ್ಲ. ಹಾರ್ನ್ ಗಟ್ಟಿಯಾಗಿದೆ. ಕೀಲಿ ತಿರುಗಿಸಿದಾಗ ದೀಪ ಮಂಕಾಗಲಿಲ್ಲ, ಸದ್ದೂ ಬರಲಿಲ್ಲ.’ ಈ ಸನ್ನಿವೇಶವನ್ನು ಕುರಿತು ವಿದ್ಯಾರ್ಥಿಗಳು ಆರು ವಾಕ್ಯಗಳನ್ನು ಬರೆಯಲಿ. ‘ಬ್ಯಾಟರಿ ಹೋಗಿದೆ’ ಎಂದು ನೇರವಾಗಿ ತೀರ್ಮಾನಿಸಿದ ಉತ್ತರಕ್ಕಿಂತ, ಮುಂದೆ ಏನನ್ನು ಅಳೆಯಬೇಕು, ಏಕೆ ಎಂದು ಹೇಳುವ ಉತ್ತರಕ್ಕೆ ಹೆಚ್ಚಿನ ಅಂಕ ಸಲ್ಲಬೇಕು.